ಗುಡ್ಡೆ ಮಾತ್ರೆ

೩ ಫೆಬ್ರವರಿ ೨೦೦೮

ಅಕ್ಷರ ಸೊಟ್ಟ. ಕಾಗುಣಿತವೂ ಅಷ್ಟಕ್ಕಷ್ಟೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಮನ್ನಿಸಬೇಕು. ಯಾರು ಮನ್ನಿಸಬೇಕೋ ಗೊತ್ತಿಲ್ಲ — ಇದನ್ನು ಓದುವವರು ಯಾರೂ ಇಲ್ಲ.

ಡೈರಿ ಕೊಟ್ಟವನು ಅಣ್ಣ ಚಿಕ್ಕರಾಜು. ಬಿಡದಿಯಲ್ಲಿ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿದ್ದಾನೆ. ಹೊಸ ವರ್ಷಕ್ಕೆ ಹಂಚಿದರಂತೆ. "ತಗೋ ಪುಟ್ಟಿ. ಜನರ ಮುಂದೆ ನಿಂಗೆ ಬಾಯೇ ಬರಾಕಿಲ್ಲ. ಇದ್ರಾಗಾದ್ರೂ ಮಾತಾಡು" ಅಂದ.

ರೇಷ್ಮೆ ಹುಳು ಮೂರನೇ ಜ್ವರಕ್ಕೆ ಕೂತಿವೆ. ತಟ್ಟೆ ತುಂಬ ತಲೆ ಎತ್ತಿಕೊಂಡು, ಅಲ್ಲಾಡದೆ. ಪೊರೆ ಕಳಚಿ ಏಳುವ ತನಕ ಸೊಪ್ಪು ಹಾಕುವಂತಿಲ್ಲ. ಅದಕ್ಕೇ ಇವತ್ತು ಕೈ ಖಾಲಿ. ಅಪ್ಪ ಕುರಿ ಹೊಡೆದುಕೊಂಡು ಕೆರೆ ಕಡೆ ಹೋದ. ಅಮ್ಮ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾಳೆ. ಹೊಂಗನೂರಿನಲ್ಲಿ ಇಷ್ಟು ಜೋರಾಗಿ ಹಾಡುವವಳು ಅವಳೊಬ್ಬಳೇ. ನಾನು ಹೇಗೆ ಇವಳಿಗೆ ಹುಟ್ಟಿದೆನೋ…

೬ ಫೆಬ್ರವರಿ

ಹಾಲಿನ ಡೈರಿ ಮುಂದೆ ಬಿಡದಿಯಿಂದ ಜೀಪು ಬಂತು. ಅಲ್ಲಿ ಹೆದ್ದಾರಿ ಪಕ್ಕ ಹೊಸದಾಗಿ ಗಾಜಿನ ಕಟ್ಟಡ ಎದ್ದಿದೆಯಲ್ಲ, ಅಲ್ಲಿಯವರು. ಗ್ರೀನ್ ಟೀ ಸಂಶೋಧನೆಯಂತೆ. ಮಾತಾಡಿದವಳು ಪ್ರತಿಮಾ ಅಂತ, ಮಾಗಡಿ ಕಡೆಯ ಹುಡುಗಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಅಷ್ಟು ಜನರ ಮುಂದೆ ನಿಂತು ಹೇಗೆ ಮಾತಾಡುತ್ತಾಳೆ!

ಮೊದಲು ಎಲ್ಲರಿಗೂ ಒಂದೊಂದು ಲೋಟ ಕುಡಿಸಿದಳು. ಹಾಲಿಲ್ಲ, ಬೆಲ್ಲ ಇಲ್ಲ. ಅಂಬುಜಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಎಮ್ಮೆ ತೊಳ್ದ ನೀರಾದ್ರೂ ಇದಕ್ಕಿಂತ ರುಚಿಯಾಗಿರ್ತದೆ ಕಣವ್ವ." ಅಂಬುಜಮ್ಮ ಗದ್ದೆ-ತೋಟ ಇರುವ ಮನೆಯವಳು. ಅವಳು ನಕ್ಕರೆ ಎಲ್ಲರೂ ನಗುತ್ತಾರೆ.

"ಕುಡಿಯೋದು ಬೇಡಮ್ಮ" ಅಂದಳು ಪ್ರತಿಮಾ. "ಸಾರ ತೆಗೆದು ಮಾತ್ರೆ ಮಾಡಿದೀವಿ. ಚೀನಾ, ಜಪಾನ್ ಕಡೆ ಇದು ಒಳ್ಳೇದು ಅಂತಾರೆ. ಸಕ್ಕರೆ ಕಾಯಿಲೆಗೆ, ಬೊಜ್ಜಿಗೆ. ನಮ್ಮ ಜನಕ್ಕೆ ಹೆಂಗೋ — ಅದನ್ನೇ ನೋಡಬೇಕು." ಊಟ ಆದ ಮೇಲೆ ಬೆಳಗ್ಗೆ ಒಂದು, ಸಂಜೆ ಒಂದು. ಒಬ್ಬರದು ಇನ್ನೊಬ್ಬರಿಗೆ ಕೊಡಬಾರದು. ಏನೇ ಆದರೂ ಫೋನ್ ಮಾಡಬೇಕು. ತಿಂಗಳಿಗೊಮ್ಮೆ ರಕ್ತ ತೆಗೆದು ನೋಡುತ್ತಾರೆ.

ಆಮೇಲೆ ಇನ್ನೊಂದು ಮಾತು. "ಅರ್ಧ ಜನಕ್ಕೆ ನಿಜವಾದ ಮಾತ್ರೆ. ಅರ್ಧ ಜನಕ್ಕೆ ಒಳಗೆ ಬರೀ ಜೋಳದ ಹಿಟ್ಟು. ಯಾರ ಡಬ್ಬೀಲಿ ಯಾವುದಿದೆ ಅಂತ ನನಗೂ ಗೊತ್ತಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೆಂಚಮ್ಮಜ್ಜಿ ಅಂತೂ ಕಣ್ಣು ಒರೆಸಿಕೊಂಡಳು. "ಜೀಪ್ನಾಗೆ ಬಂದು ಹಿಟ್ಟು ಹಂಚಕ್ಕೆ ನಿಮ್ಗೇನು ಹುಚ್ಚಾ ಮಗ?"

ಪ್ರತಿಮಾ ತಾನೂ ನಕ್ಕಳು, ಆದರೆ ತಮಾಷೆ ಮಾಡುತ್ತಿಲ್ಲ ಅಂತ ನನಗೆ ಅನಿಸಿತು. ಹಿಟ್ಟು ಯಾಕೆ ಅಂತ ಕೇಳಬೇಕಿತ್ತು. ಕಂಬದ ಹಿಂದೆಯೇ ನಿಂತಿದ್ದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಅವಳನ್ನೂ ಸೇರಿಸಿಕೊಂಡರು. ಅವಳ ಹೆಸರು ಬರೆದ ಡಬ್ಬಿ ಗೋಡೆಯ ಗೂಡಿನಲ್ಲಿದೆ. ಅಂಬಮ್ಮ, ಹೊಂಗನೂರು. ಮುದ್ರೆ ಹಾಕಿದ ಅಕ್ಷರ ಎಷ್ಟು ಚೆಂದ.

೨೧ ಫೆಬ್ರವರಿ

ಜಗಳ. ನಲ್ಲಿ ಹತ್ತಿರ, ಬಿಂದಿಗೆ ಬಿಟ್ಟು ಕೈ ಎತ್ತುವ ತನಕ.

ಅಮ್ಮನಿಗೆ ಮಾತ್ರೆ ನುಂಗಲು ಬರುವುದಿಲ್ಲ. ಮೇಲಿನ ಪ್ಲಾಸ್ಟಿಕ್ಕಿನಂಥ ಸಿಪ್ಪೆ ಬಿಚ್ಚಿ, ಒಳಗಿನ ಪುಡಿಯನ್ನು ನೀರಿಗೆ ಕದಡಿ ಕುಡಿಯುತ್ತಾಳೆ. ಪುಡಿ ಬಿಳಿ. ಸಪ್ಪೆ. ಅದನ್ನು ಹೋಗಿ ಅಂಬುಜಮ್ಮನಿಗೆ ಹೇಳಿದಳು. ಅಂಬುಜಮ್ಮ ತನ್ನದನ್ನು ಕಚ್ಚಿ ನೋಡಿದಳು — ಹಸಿರು, ನಾಲಿಗೆ ಮಡಚುವಷ್ಟು ಒಗರು.

ಹಿಟ್ಟು ಅಂದದ್ದು ನಿಜ! ಊರಿಗೇ ಸಿಡಿಲು ಬಡಿದ ಹಾಗಾಯಿತು.

"ಒಕ್ಕಲು ಮನೆಗೆ ಸಾರ, ಕುರಿ ಕಾಯೋರ ಮನೆಗೆ ಹಿಟ್ಟು! ನಮ್ಮ ಒಡ್ಲು ಒಡ್ಲಲ್ವಾ?" ಅಮ್ಮ ಕೂಗಿದಳು.

"ನಾನೇನು ಕೇಳಕ್ಕೋಗಿದ್ನಾ? ಅವ್ರು ಕೊಟ್ರು, ನಾನು ತಗಂಡೆ!"

"ಕೊಡೋರ್ಗೆ ನಿಮ್ ಮನೆ ಹೆಂಚು ಕಾಣ್ತದೆ, ನಮ್ ಮನೆ ಕಾಣಾಕಿಲ್ಲ!"

ಕೆಂಚಮ್ಮಜ್ಜಿ ಬಂದು ಇಬ್ಬರ ಮಧ್ಯೆ ನಿಂತಳು. ಅಜ್ಜಿಗೆ ಊರಲ್ಲಿ ಒಂದು ಮರ್ಯಾದೆ ಇದೆ. ಯುಗಾದಿ ಮಾರನೇ ದಿನ, ವರ್ಷದ ತೊಡಕಿಗೆ, ಊರೆಲ್ಲ ಸೇರಿ ಮರಿ ಕುಯ್ದಾಗ ಬಾಡನ್ನು ಪಾಲು ಮಾಡಿ ಗುಡ್ಡೆ ಹಾಕುವವಳು ಅವಳೇ. ತಕ್ಕಡಿ ಇಲ್ಲ, ಕಣ್ಣಳತೆ. ಪ್ರತಿ ಗುಡ್ಡೆಗೂ ಒಸಿ ಕಾರೀಜ, ಒಸಿ ಮೂಳೆ, ಒಸಿ ಕೊಬ್ಬು. ಇವರಿಗೆ ಹೆಚ್ಚು, ಅವರಿಗೆ ಕಮ್ಮಿ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಅಂದಿಲ್ಲ.

"ಬಾಯ್ ಮುಚ್ಕಳಿ ಇಬ್ರೂ. ನಾಳೆ ಎಲ್ರೂ ಡಬ್ಬಿ ತಗಂಡು ನಮ್ ಜಗಲಿಗೆ ಬನ್ನಿ" ಅಂದಳು.

೨೨ ಫೆಬ್ರವರಿ, ಬೆಳಗ್ಗೆ

ಗುಡ್ಡೆ ಹಾಕಿದರು. ಬಾಡಿನದ್ದಲ್ಲ, ಮಾತ್ರೆಯದ್ದು.

ಎಲ್ಲರ ಡಬ್ಬಿಯೂ ಮೊರಕ್ಕೆ ಸುರಿದು ಅಜ್ಜಿ ಎರಡೂ ಕೈಯಲ್ಲಿ ಕಲೆಸಿದಳು. ಜಗಲಿ ಮೇಲೆ ಬಾಳೆ ಎಲೆ, ಅದರ ಮೇಲೆ ಸಣ್ಣ ಸಣ್ಣ ಗುಡ್ಡೆ. ಮೇಲೆ ಎಲ್ಲ ಒಂದೇ ಬಣ್ಣ. ಒಳಗೆ ಏನಿದೆ, ದೇವರಿಗೇ ಗೊತ್ತು.

ಇನ್ನು ಹೆಸರು ಕರೆಯುವುದು. ಒಬ್ಬರು ಗುಡ್ಡೆಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ನಿಲ್ಲಬೇಕು. ಅಜ್ಜಿ ಒಂದು ಗುಡ್ಡೆ ಮುಟ್ಟಿ "ಇದ್ಯಾರ್ದು?" ಅಂದರೆ, ನೋಡದೆ ಒಂದು ಹೆಸರು ಕೂಗಬೇಕು. ಆಗ ಮೋಸವಿಲ್ಲ.

"ಪುಟ್ಟಿ ನಿಲ್ಲಲಿ" ಅಂದಳು ಅಂಬುಜಮ್ಮ. "ಅವ್ಳಿಗೆ ಯಾರ್ ಮೊಕನೂ ನೋಡಕ್ಕೆ ಬರಾಕಿಲ್ಲ. ಅವ್ಳೇ ಸರಿ."

ನಕ್ಕರು. ಆದರೆ ಗೋಡೆಗೆ ಮುಖ ಮಾಡಿ ನಿಂತಾಗ ನನ್ನ ದನಿ ಎಷ್ಟು ಸಲೀಸಾಗಿ ಬಂತು! ಯಾರ ಕಣ್ಣೂ ಇಲ್ಲ, ಸುಣ್ಣದ ಗೋಡೆ ಮಾತ್ರ. ಒಂದೊಂದೇ ಹೆಸರು ಕೂಗಿದೆ.

ಹಂಚಿ ಮುಗಿದ ಮೇಲೆ ಅಜ್ಜಿ ಅಂದಳು: "ಯಾರಿಗೆ ಯಾವ್ದು ಅಂತ ಆ ಹುಡ್ಗಿಗೂ ಗೊತ್ತಿಲ್ವಂತೆ. ನಮ್ಗೂ ಗೊತ್ತಿಲ್ಲ. ಆದ್ರೆ ನಮ್ದು ನ್ಯಾಯ ಕಣ್ರವ್ವ." ಪ್ರತಿಮಾಗೆ ಹೇಳಬಾರದು ಅಂತ ಮಾತಾಯಿತು. ಪಾಪ, ಅವಳ ಕೆಲಸಕ್ಕೆ ತೊಂದರೆ ಆಗಬಾರದಲ್ಲ.

ಅಮ್ಮ ಮತ್ತು ಅಂಬುಜಮ್ಮ ಒಂದೇ ತಟ್ಟೆಯಿಂದ ಎಲೆ-ಅಡಿಕೆ ಹಾಕಿಕೊಂಡರು.

೧೬ ಮಾರ್ಚ್

ತುಂಬ ದಿನ ಬರೆಯಲಿಲ್ಲ. ಒಂದು ಬೆಳೆ ಗೂಡು ಮುಗಿದು ಇನ್ನೊಂದು ಚಾಕಿ, ಮರಿಹುಳು, ಬಂತು. ಜೀಪು ಬಂದು ಹೊಸ ಡಬ್ಬಿ ಕೊಟ್ಟು ಹೋದ ಮೇಲೆಲ್ಲ ಗುಡ್ಡೆ. ಈಗ ಅದೇ ರೂಢಿ.

ಅಮ್ಮನಿಗೆ ಸುಸ್ತು. ತಿಂಗಳ ಮೊದಲಲ್ಲಿ ರಕ್ತ ನೋಡಿದಾಗ ಏನೂ ಇಲ್ಲ ಅಂದಿದ್ದರು. ಹಿಪ್ಪುನೇರಳೆ ಸಾಲಿನ ಮಧ್ಯೆಯೇ ಕೂತುಬಿಡುತ್ತಾಳೆ. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ ಬಂದ ಆಯಾಸ ಅಂದುಕೊಂಡೆವು.

ಇವತ್ತಿನ ಗುಡ್ಡೆಯಲ್ಲಿ ಕೆಂಚಮ್ಮಜ್ಜಿ ಹೇಳಿದಳು: "ಬಾಡ್ನಲ್ಲಿ ಬಾಣಂತಿ ಮನೆಗೆ ಬಿಟ್ಟಂಗೆ ಅಂಬಮ್ಮಂಗೂ ಒಂದು ಗುಡ್ಡೆ ಜಾಸ್ತಿ ಬುಡಿ. ಸೊರಗೋಗವ್ಳೆ." ಎಲ್ಲರೂ ತಮ್ಮ ಪಾಲಿನಿಂದ ಒಂದಿಷ್ಟು ತೆಗೆದಿಟ್ಟರು. ಎಲ್ಲರಿಗಿಂತ ಮೊದಲು ತೆಗೆದವಳು ಅಂಬುಜಮ್ಮ. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ನಾನೇ ಬಿಚ್ಚಿ ಕದಡಿ ಕೊಡುತ್ತೇನೆ. ನಸುಕಿನಲ್ಲಿ, ಸೊಪ್ಪು ಕುಯ್ಯಲು ಹೊರಡುವ ಮೊದಲು. ಬರೀ ಹೊಟ್ಟೆಗೆ ಚೆನ್ನಾಗಿ ಹಿಡಿಯುತ್ತದೆ ಅಂತ ಅಪ್ಪ ಹೇಳಿದ. ಲೋಟದ ನೀರು ಹಸಿರಾಗಿ ಬಂದ ದಿನ ನನಗೆ ಖುಷಿ.

೮ ಏಪ್ರಿಲ್

ವರ್ಷದ ತೊಡಕು. ಮನೆ ಮನೆಯಲ್ಲೂ ಬಾಡಿನ ಘಮ. ನಮ್ಮ ಪಾಲಿನ ಗುಡ್ಡೆಯಲ್ಲಿ ಒಳ್ಳೆಯ ಕಾರೀಜ ಬಂದಿತ್ತು.

ಅಮ್ಮ ಒಲೆ ಹತ್ತಿರ ಬಂದವಳೇ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದಳು. ವಾಂತಿ. ಬಾಡು ಅಂದರೆ ಪ್ರಾಣ ಬಿಡುವವಳು… ಒಂದು ಚೂರೂ ಮುಟ್ಟಲಿಲ್ಲ.

ಹಬ್ಬದ ಗಲಾಟೆಯಲ್ಲಿ ಈ ಸಲ ರಕ್ತ ತೆಗೆಯುವ ಜೀಪು ಬರಲಿಲ್ಲ. ಮುಂದಿನ ವಾರ ಅಂತ ಪ್ರತಿಮಾ ಫೋನ್ ಮಾಡಿದ್ದಳಂತೆ.

೧೧ ಏಪ್ರಿಲ್

ಇವತ್ತು ಅಕ್ಷರ ಇನ್ನೂ ಕೆಟ್ಟದಾಗಿ ಬರುತ್ತಿದೆ.

ಹುಳು ಹಣ್ಣಾಗಿವೆ. ಹಣ್ಣಾದ ಹುಳು ಮೈಯೆಲ್ಲ ಹಳದಿಯಾಗಿ, ಬೆಳಕು ಹಾಯುವಂತಾಗುತ್ತದೆ. ಆಗ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ನಾನು, ಅಮ್ಮ ಎದುರುಬದುರು ಕೂತು ಆರಿಸುತ್ತಿದ್ದೆವು. ಬಾಗಿಲಿನಿಂದ ಬಿಸಿಲು ಬಿತ್ತು. ಅಮ್ಮ ಒಂದು ಹುಳು ಎತ್ತಿ ಬೆಳಕಿಗೆ ಹಿಡಿದಳು.

ಹುಳು ಯಾವುದು, ಬೆರಳು ಯಾವುದು ಗೊತ್ತಾಗಲಿಲ್ಲ.

ಅಂಗೈ ಹಳದಿ. ಕತ್ತು ಹಳದಿ. ಕಣ್ಣು… ಅಯ್ಯೋ. ಹುಳುಮನೆಯ ಕತ್ತಲಲ್ಲಿ ಎಷ್ಟು ದಿನದಿಂದ ಹೀಗಿದ್ದಳೋ. ಒಂದೇ ತಟ್ಟೆಯ ಮುಂದೆ ಕೂತು ನಾನು ನೋಡಲೇ ಇಲ್ಲ.

"ಏನ್ ಹಂಗೆ ನೋಡ್ತೀಯ ಮಗ, ದೆವ್ವ ಕಂಡಂಗೆ?" ಅಂದಳು. ಒಳಗೆ ಹೋಗಿ ಕನ್ನಡಿ ತಂದು ಕೊಟ್ಟೆ.

ಸಂಜೆ

ಕಾಮಾಲೆ ಅಂತ ಅಪ್ಪ ಸೊಪ್ಪಿನ ಔಷಧಿ ತರಲು ಹೋದ. ಕೆಂಚಮ್ಮಜ್ಜಿ ಬಂದು ನೋಡಿ, "ಉಪ್ಪು-ಖಾರ ನಿಲ್ಸಿ. ಆ ಮಾತ್ರೆ ಮಾತ್ರ ಬುಡ್ಬೇಡಿ, ಅದು ಒಳ್ಳೇದು" ಅಂದಳು. ಕೊಟ್ಟೆ. ನಾನೇ ಕದಡಿ ಕೊಟ್ಟೆ.

೧೪ ಏಪ್ರಿಲ್, ಬಿಡದಿ

ಚಿಕ್ಕರಾಜು ಬಂದು ಕೂಗಾಡಿ ಬಾಡಿಗೆ ಕಾರಿನಲ್ಲಿ ಕರೆತಂದ. ಗಾಜಿನ ಕಟ್ಟಡದ ಪಕ್ಕದಲ್ಲೇ ಅವರ ಆಸ್ಪತ್ರೆ. ಪ್ರತಿಮಾ ಅಮ್ಮನನ್ನು ನೋಡಿದವಳೇ ಬೆಚ್ಚಿಬಿದ್ದಳು. "ಯಾಕೆ ಫೋನ್ ಮಾಡಲಿಲ್ಲ?" ಅಂತ ಕೇಳಿದಳೇ ಹೊರತು ಬೈಯಲಿಲ್ಲ. ತಾನೇ ತಳ್ಳುಗಾಡಿ ಹಿಡಿದು ಒಳಗೆ ನುಗ್ಗಿದಳು.

ಡಾಕ್ಟರಮ್ಮ ರಕ್ತ ನೋಡಿದರು. ಲಿವರ್ — ಅಂದರೆ ಕಾರೀಜ — ಊದಿಕೊಂಡು ಕೆಲಸ ನಿಲ್ಲಿಸುತ್ತಾ ಇದೆಯಂತೆ. ತಡಮಾಡದೆ ಯಾರಿಗೋ ಫೋನ್ ಮಾಡಿ, ಅಮ್ಮನ ಡಬ್ಬಿಯ ಗುಟ್ಟು ಬಿಡಿಸಲು ಹೇಳಿದರು. ಯಾರಿಗೆ ಯಾವುದು ಅನ್ನುವ ಪಟ್ಟಿ ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಮಾತ್ರ ಇರುತ್ತದಂತೆ. ಜೀವಕ್ಕೆ ಬಂದರೆ ಬಿಡಿಸಬಹುದಂತೆ.

ವಾಪಸ್ ಫೋನ್ ಬಂತು.

"ಅಂಬಮ್ಮಂದು ಹಿಟ್ಟಿನ ಗುಂಪು" ಅಂದರು ಡಾಕ್ಟರಮ್ಮ. "ಹಂಗಾದ್ರೆ ನಮ್ಮ ಮಾತ್ರೆಯಿಂದ ಆಗಿದ್ದಲ್ಲ. ಬೇರೆ ಕಾರಣ ಹುಡುಕಬೇಕು. ಹಿಟ್ಟಿಂದ ಏನೂ ಆಗಲ್ಲ, ಆದ್ರೂ ನಿಲ್ಲಿಸಿ."

ಅಮ್ಮ ಹಿಟ್ಟು ಬಿಟ್ಟು ಎಷ್ಟೋ ದಿನವಾಯಿತು. ಊರವರದ್ದೆಲ್ಲ ಅವಳ ಹೊಟ್ಟೆಯಲ್ಲಿದೆ. ಅದು ಇವರಿಗೆ ಗೊತ್ತಿಲ್ಲ.

ಅಪ್ಪ ನನ್ನ ತೋಳು ಹಿಡಿದು ಮೂಲೆಗೆ ಎಳೆದ. "ಗುಡ್ಡೆ ವಿಚಾರ ಬಾಯ್ ಬುಟ್ಟೀಯ ಹುಷಾರು. ಕೆಂಚಮ್ಮನ್ನ ಊರೇ ಉಗೀತದೆ. ಎಲ್ಲಾ ಹೆಂಗಸ್ರನ್ನೂ ತೆಗ್ದಾಕ್ತಾರೆ. ಹೆಂಗೂ ಮಾತ್ರೆ ಅಲ್ಲ ಅಂದ್ರಲ್ಲ."

ಬಾಯಿ ಬಿಡುವವಳೇ ನಾನು? ನನ್ನ ಬಗ್ಗೆ ಅಪ್ಪನಿಗೂ ಗೊತ್ತಿಲ್ಲ.

೧೫ ಏಪ್ರಿಲ್, ಬೆಳಗ್ಗೆ

ಬೆಂಚಿನ ಮೇಲೆ ಎಚ್ಚರವಾದಾಗ ಅಪ್ಪ ಅಮ್ಮನ ಮಂಚದ ಪಕ್ಕ ಬಗ್ಗಿದ್ದ. ಅಂಗಿ ಜೇಬಿನಿಂದ ಪೊಟ್ಟಣ ತೆಗೆದು, ಒಂದು ಮಾತ್ರೆ ಬಿಚ್ಚಿ ಲೋಟಕ್ಕೆ ಸುರಿಯುತ್ತಿದ್ದ.

"ಅಪ್ಪ!"

"ಹಿಟ್ಟಂತೆ ಕಣಮ್ಮಿ. ಹಿಟ್ಟಿಂದ ಏನಾಯ್ತದೆ? ಒಸಿ ಶಕ್ತಿ ಬರ್ಲಿ ಅಂತ…"

ಲೋಟದ ನೀರು ಹಸಿರಾಗಿತ್ತು.

ಕಿತ್ತುಕೊಂಡೆ. ಅಪ್ಪನ ಕೈಯಿಂದ ಏನನ್ನೂ ಹಾಗೆ ಕಿತ್ತುಕೊಂಡವಳಲ್ಲ. ಲೋಟ ಹಿಡಿದುಕೊಂಡೇ ಓಡಿದೆ. ವರಾಂಡದ ಕೊನೆಯಲ್ಲಿ ಡಾಕ್ಟರಮ್ಮ, ಪ್ರತಿಮಾ ನಿಂತಿದ್ದರು. ಇಬ್ಬರೂ ತಿರುಗಿ ನೋಡಿದರು. ಯಾವಾಗಲೂ ಆಗುವ ಹಾಗೆ, ಬಾಯಿ ತೆರೆದೆ, ಗಾಳಿ ಮಾತ್ರ ಬಂತು.

"ಏನು ಪುಟ್ಟಿ?"

ಏನು ತೋಚಿತೋ. ಅವರಿಗೆ ಬೆನ್ನು ಹಾಕಿದೆ. ಗೋಡೆಗೆ ಮುಖ ಮಾಡಿ ನಿಂತೆ. ತಿಳಿ ಹಸಿರು ಬಣ್ಣದ ಗೋಡೆ. ಹೆಸರು ಕೂಗುವ ಹಾಗೆ ಕೂಗಿದೆ — ಅಮ್ಮ ಕುಡಿದದ್ದು ಅಮ್ಮನ ಡಬ್ಬಿಯದ್ದಲ್ಲ. ಎಲ್ಲರದ್ದೂ ಕಲೆಸಿ ಗುಡ್ಡೆ ಹಾಕುತ್ತೇವೆ. ಅಮ್ಮನಿಗೆ ಸುಸ್ತು ಅಂತ ಎಲ್ಲರೂ ತಮ್ಮ ಪಾಲಿನಲ್ಲಿ ಕೊಟ್ಟರು. ಬರೀ ಹೊಟ್ಟೆಗೆ ಕುಡಿಸುತ್ತಿದ್ದೆವು. ನಾನೇ ಕುಡಿಸುತ್ತಿದ್ದೆ. ಇಗೋ ಹಸಿರು.

ತಿರುಗಿದಾಗ ಪ್ರತಿಮಾ ನೆಲದ ಮೇಲೆ ಕೂತುಬಿಟ್ಟಿದ್ದಳು. "ಎಲ್ಲರದ್ದೂನಾ?" ಅಂದಳು. "ಮೊದಲನೇ ತಿಂಗಳಿಂದಾನಾ?" ತಲೆ ಆಡಿಸಿದೆ. ಡಾಕ್ಟರಮ್ಮ ನನ್ನ ಕೈಯಿಂದ ಲೋಟ ತೆಗೆದುಕೊಂಡು, ಆ ಕೈಯನ್ನು ಒಂದು ಕ್ಷಣ ಹಾಗೇ ಹಿಡಿದಿದ್ದರು. ಆಮೇಲೆ ಜೋರಾಗಿ ಆಂಬುಲೆನ್ಸ್ ಕೂಗಿದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ. ಈಗಲೇ.

ಅಪ್ಪ ಬಾಗಿಲಲ್ಲಿ ನಿಂತಿದ್ದ. ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. ಯಾವತ್ತೂ ಅಳದವನು…

೧೯ ಏಪ್ರಿಲ್

ಅಮ್ಮ ಬೆಂಗಳೂರಿನಲ್ಲಿ. ಅಪ್ಪ ಜೊತೆಗಿದ್ದಾನೆ. ಗೂಡು ಬಿಡಿಸುವ ಕೆಲಸಕ್ಕೆ ನನ್ನನ್ನು ಊರಿಗೆ ಕಳಿಸಿದರು. ಬದುಕುತ್ತಾಳೋ ಇಲ್ಲವೋ ಈಗಲೇ ಹೇಳಲಾರೆವು ಅಂದರಂತೆ.

ಜೀಪು ಊರಿಗೆ ಬಂತು. ಉಳಿದ ಮಾತ್ರೆಯೆಲ್ಲ ವಾಪಸ್ ತೆಗೆದುಕೊಂಡರು. ಎಲ್ಲರ ರಕ್ತ ತೆಗೆದರು. ಕೆಂಚಮ್ಮಜ್ಜಿ ಮಾತ್ರ ಕೊಡಲಿಲ್ಲ. "ನಂಗೇನೂ ಆಗಿಲ್ಲ" ಅಂತ ಬಾಗಿಲು ಹಾಕಿಕೊಂಡಳು.

ಡಾಕ್ಟರಮ್ಮ ಜಗಲಿ ಮೇಲೆ ಕೂತು ಬಿಡಿಸಿ ಹೇಳಿದರು. ಆ ಟೀ ಸೊಪ್ಪು ವಿಷವಲ್ಲ. ಲೋಟದಲ್ಲಿ ಕುಡಿದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎಷ್ಟೋ ಲೋಟದ ಸಾರ ಒಂದೇ ಮಾತ್ರೆಯಲ್ಲಿ ಹಿಂಡಿದಾಗ, ಅದೂ ಹಸಿದ ಹೊಟ್ಟೆಗೆ, ಕೆಲವರ ಲಿವರ್ ತಡೆಯುವುದಿಲ್ಲ. ಯಾರದ್ದು ತಡೆಯುತ್ತೆ, ಯಾರದ್ದು ಇಲ್ಲ ಅಂತ ಮುಖ ನೋಡಿ ಹೇಳಲು ಬರುವುದಿಲ್ಲ. "ಅದಕ್ಕೇ ಹಿಟ್ಟು ಇಟ್ಟಿದ್ದಮ್ಮ. ಅರ್ಧ ಜನ ಮುಟ್ಟದೇ ಇದ್ರೆ ತಾನೇ, ಮುಟ್ಟಿದವರಿಗೆ ಏನಾಯ್ತು ಅಂತ ತಿಳಿಯೋದು?"

ಫೆಬ್ರವರಿಯಲ್ಲಿ ನಾನು ಕೇಳದೆ ಉಳಿಸಿಕೊಂಡ ಪ್ರಶ್ನೆಗೆ ಉತ್ತರ.

"ನಮ್ಮೂರಿಂದು ಇನ್ನ ಲೆಕ್ಕಕ್ಕೆ ಬರಾಕಿಲ್ವಾ?" ಅಂತ ಯಾರೋ ಕೇಳಿದರು. ಬರುವುದಿಲ್ಲ ಅಂದಳು ಪ್ರತಿಮಾ. ಆದರೆ ಆದದ್ದನ್ನು ಆದ ಹಾಗೇ ಬರೆದು ಕಳಿಸುತ್ತಾರಂತೆ. ಅವಳ ಕಣ್ಣು ಊದಿತ್ತು. ಹೊರಡುವಾಗ ನನ್ನ ಹತ್ತಿರ ಬಂದು, "ಹಿಟ್ಟು ಅಂದಾಗ ನೀವೆಲ್ಲ ನಕ್ಕಿರಿ. ಅರ್ಥವಾಯ್ತು ಅಂದ್ಕೊಂಡು ನಾನೂ ನಕ್ಕುಬಿಟ್ಟೆ" ಅಂದಳು.

೨೩ ಏಪ್ರಿಲ್

ಅಂಬುಜಮ್ಮನ ರಕ್ತದಲ್ಲೂ ಲಿವರಿನ ಲೆಕ್ಕ ಏರಿದೆಯಂತೆ. ಅಮ್ಮನಷ್ಟಲ್ಲ. ಮಾತ್ರೆ ನಿಲ್ಲಿಸಿದ್ದರಿಂದ ಇಳಿಯುತ್ತದೆ ಅಂದರು. ಅವಳಿಗೆ ಗೊತ್ತೇ ಇರಲಿಲ್ಲ. ಗದ್ದೆ ಕೆಲಸ ಮಾಡಿಕೊಂಡೇ ಇದ್ದಳು. ಕೇಳಿ ಮಂಕು ಬಡಿದವಳ ಹಾಗೆ ಕೂತಿದ್ದಾಳೆ.

ನಲ್ಲಿಯಲ್ಲಿ ಯಾರೂ ನನ್ನ ಜೊತೆ ಮಾತಾಡುವುದಿಲ್ಲ. ಬಿಂದಿಗೆ ಇಟ್ಟರೆ ಪಕ್ಕಕ್ಕೆ ಸರಿಯುತ್ತಾರೆ. "ಕೆಂಚಮ್ಮನ ನ್ಯಾಯಕ್ಕೆ ಮಣ್ ಹಾಕ್ಬುಟ್ಲು" ಅಂದದ್ದು ಕಿವಿಗೆ ಬಿತ್ತು. ಅಂದವರ ಮುಖ ನೋಡಲಿಲ್ಲ.

ಅಜ್ಜಿ ಮನೆಯಿಂದ ಹೊರಗೆ ಬಂದಿಲ್ಲ. ಕಿಟಕಿ ಹತ್ತಿರ ಹೋಗಿ ನಿಂತೆ. ಒಳಗಿನಿಂದಲೇ ಅಂದಳು — "ಎಲ್ರಿಗೂ ಒಂದೇ ಸಮ ಆಗ್ಲಿ ಅಂದೆ ಕಣಮ್ಮಿ. ಅಷ್ಟೇಯ." ಮನೆಗೆ ವಾಪಸ್ ಬಂದೆ.

೯ ಮೇ

ಅಮ್ಮ ಮನೆಗೆ ಬಂದಳು. ಚಿಕ್ಕರಾಜು ಎತ್ತಿಕೊಂಡೇ ಒಳಗೆ ತಂದ. ಮಗುವಿನಷ್ಟು ಹಗುರ ಅಂದ. ಬದುಕಿದಳು. ಪೂರ್ತಿ ಸರಿಯಾಗಲು ತಿಂಗಳುಗಳೇ ಬೇಕು.

ಬೆಳಗ್ಗೆ ಬೆಳಗ್ಗೆ ಕಣ್ಣಿನ ಕೆಳ ರೆಪ್ಪೆ ಎಳೆದು, ಬಿಳಿಗುಡ್ಡೆ ನೋಡಬೇಕು. ಹಳದಿ ಮತ್ತೆ ಏರಿದರೆ ಆ ಕ್ಷಣ ಫೋನ್ ಮಾಡಬೇಕು. ಹಗಲಿನ ಬೆಳಕಿನಲ್ಲೇ ನೋಡಬೇಕು, ಬಲ್ಬಿನಲ್ಲಿ ಅಲ್ಲ. ಡಾಕ್ಟರಮ್ಮ ನನಗೇ ಹೇಳಿಕೊಟ್ಟರು. ನನ್ನ ಕಣ್ಣು ನೋಡಿಯೇ ಹೇಳಿದರು. ನಾನೂ ಅವರ ಕಣ್ಣು ನೋಡಿಯೇ ಕೇಳಿದೆ.

೧೩ ಮೇ, ಬೆಳಗ್ಗೆ

ಅಮ್ಮನ ಕಣ್ಣು ನೋಡಿದೆ. ಮೂಲೆಯಲ್ಲಿ ಹಳದಿಯ ಒಂದು ಎಳೆ ಇನ್ನೂ ಇದೆ. ನಿನ್ನೆಗಿಂತ ತೆಳು. ಗಂಜಿ ಕುಡಿದಳು. ಹಾಡಲಿಲ್ಲ — ಗುನುಗಿದಳು.

ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೊರಗೆ ಬಂದರೆ ಜಗಲಿ ಮೇಲೆ ಕೆಂಚಮ್ಮಜ್ಜಿ ಕೂತಿದ್ದಳು. ಎಷ್ಟು ಹೊತ್ತಿನಿಂದಲೋ. ಅಮ್ಮ ಹೇಗಿದ್ದಾಳೆ ಅಂತ ಕೇಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಸೆರಗು ತೆಗೆದು ಮುಖ ಮೇಲೆತ್ತಿದಳು.

"ನಂದೂ ಒಸಿ ನೋಡಮ್ಮಿ."

ಬುಟ್ಟಿ ಇಳಿಸಿದೆ. ಅವಳ ಗಲ್ಲ ಹಿಡಿದು ಮೂಡಲ ಬೆಳಕಿಗೆ ತಿರುಗಿಸಿ, ಕೆಳ ರೆಪ್ಪೆಯನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಎಳೆದೆ.